ಮುದ್ದೆ ಕೋಲಿಗೆ ಒಂದೇ ಕೆಲಸ

ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಗಳಿಗೆ ದುಡಿಯಲು ಬಂದು ಸುತ್ತಲ ಊರುಗಳಲ್ಲಿ ಬಾಡಿಗೆ ರೂಮು ಹಿಡಿದವರ ಅಡುಗೆಮನೆ ಎಂದರೆ ಎರಡು ಅಡಿ ಕಟ್ಟೆ, ಒಂದು ಗ್ಯಾಸ್ ಒಲೆ, ಒಂದು ಕುಕ್ಕರು, ನಾಲ್ಕು ಪಾತ್ರೆ. ಇನ್ನೊಂದು ಸಾಮಾನು ತರಬೇಕೆಂದರೆ ಇರುವುದರಲ್ಲಿ ಒಂದನ್ನು ತೆಗೆಯಬೇಕು. ಅಂಥ ಜಾಗದಲ್ಲೂ ಮುಳಬಾಗಿಲಿನಿಂದಲೋ ಶ್ರೀನಿವಾಸಪುರದಿಂದಲೋ ಬಂದವರ ರೂಮಾದರೆ ಗೋಡೆ ಮೂಲೆಯಲ್ಲಿ ಒಂದು ಮರದ ಕೋಲು ಒರಗಿರುವುದನ್ನು ನೋಡಬಹುದು. ಹಿಡಿಗೆ ಒಪ್ಪುವ ದಪ್ಪ, ನುಣುಪು ಮೈ, ತುದಿಯಲ್ಲಿ ರಾಗಿಯ ಕಂದು. ಅದರಲ್ಲಿ ಪಲ್ಯ ಕೈಯಾಡಿಸಲು ಬಾರದು, ಸಾರು ಬಡಿಸಲು ಬಾರದು, ಚಪಾತಿ ಒತ್ತಲೂ ಬಾರದು. ದಿನಕ್ಕೆ ಹತ್ತು ನಿಮಿಷ ಅದರ ದುಡಿಮೆ. ಮಿಕ್ಕ ಹೊತ್ತೆಲ್ಲ ಸುಮ್ಮನೆ ನಿಂತಿರುತ್ತದೆ.

ಒಂದೇ ಕೆಲಸಕ್ಕೆ ಬರುವ ಅಡುಗೆ ಸಾಮಾನು ದಂಡ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಅಮೆರಿಕದ ಟಿ.ವಿ. ಬಾಣಸಿಗ ಆಲ್ಟನ್ ಬ್ರೌನ್ ಇಂಥ ಸಾಮಾನುಗಳ ವಿರುದ್ಧ ವರ್ಷಗಟ್ಟಲೆ ಪ್ರಚಾರ ಮಾಡಿದವರು. ಅಡುಗೆಮನೆಯಲ್ಲಿ ಒಂದೇ ಕೆಲಸದ ವಸ್ತು ಏನಾದರೂ ಇರಬಹುದಾದರೆ ಅದು ಬೆಂಕಿ ಆರಿಸುವ ಸಿಲಿಂಡರು ಮಾತ್ರ ಎನ್ನುವುದು ಅವರ ನಿಲುವು. ಬಾಳೆಹಣ್ಣು ಕತ್ತರಿಸಲು ಒಂದು ಚೌಕಟ್ಟು, ಬೆಣ್ಣೆಹಣ್ಣು ಬಿಡಿಸಲು ಒಂದು ಚಾಕು ಎಂದು ಅಂಗಡಿ ತುಂಬಿಸಿಕೊಂಡ ದೇಶದಲ್ಲಿ ಆ ಮಾತಿಗೆ ಬೆಲೆಯಿದೆ. ಆದರೆ ಅದೇ ಅಳತೆಗೋಲನ್ನು ಕೋಲಾರದ ಅಡುಗೆಮನೆಗೆ ತಂದು ಇಟ್ಟರೆ ನಮ್ಮ ಅತ್ಯುತ್ತಮ ಸಾಮಾನುಗಳೆಲ್ಲ ಹೊರಗೆ ಬೀಳುತ್ತವೆ: ಮುದ್ದೆ ಕೋಲು, ಶಾವಿಗೆ ಒರಳು, ಕಡಗೋಲು, ಗುಳಿ ಕಾವಲಿ, ಸೊಪ್ಪು ಮಸೆಯುವ ಕೋಲು, ಚಕ್ಕುಲಿ ಒರಳು. ಎಷ್ಟು ಕೆಲಸಕ್ಕೆ ಬರುತ್ತದೆ ಎಂದು ಕೇಳುವುದು ತಪ್ಪು ಪ್ರಶ್ನೆ ಎಂದೇ ನನ್ನ ನಂಬಿಕೆ. ಆ ಒಂದು ಕೆಲಸ ಯಾರಿಗೆ ಬೇಕು, ಎಷ್ಟು ಸಲ ಬೇಕು, ಬೇರೆ ಯಾವುದರಿಂದಲಾದರೂ ಆದೀತೆ ಎಂದು ಕೇಳಬೇಕು.

ಮುದ್ದೆ ಮಾಡುವುದನ್ನು ಹತ್ತಿರ ಕೂತು ನೋಡಿದರೆ ಕೋಲು ಏಕೆ ಹಾಗಿದೆ ಎಂಬುದು ತಿಳಿಯುತ್ತದೆ. ಎಸರು ಕಾದ ಮೇಲೆ ಒಂದಿಷ್ಟು ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹುಯ್ಯುತ್ತಾರೆ. ಕೋಲಾರದ ಕಡೆ ಬಹಳ ಮನೆಗಳಲ್ಲಿ ಒಂದು ಹಿಡಿ ನುಚ್ಚಕ್ಕಿಯೂ ಬೀಳುತ್ತದೆ. ನುಚ್ಚು ಬೆಂದ ಮೇಲೆ ರಾಗಿ ಹಿಟ್ಟನ್ನು ಕಲಕದೆ ನಡುವೆ ಗುಡ್ಡೆಯಾಗಿ ಸುರಿದು, ಕೋಲನ್ನು ಗುಡ್ಡೆಯ ನೆತ್ತಿಯಿಂದ ತಳದವರೆಗೆ ಊರಿ ತೂತು ಮಾಡುತ್ತಾರೆ. ಆ ತೂತಿನಿಂದ ಕುದಿನೀರು ಮೇಲೆದ್ದು ಹಿಟ್ಟಿನ ಮೇಲೆ ಹರಿಯುತ್ತದೆ, ಒಳಗಿನ ಹಿಟ್ಟು ಆವಿಗೆ ಬೇಯುತ್ತದೆ. ಇಲ್ಲಿ ಆತುರ ಮಾಡಿ ಮೊದಲೇ ಕಲಕಿದರೆ ಹೊರಗೆ ಬೆಂದ ಹಿಟ್ಟು ಒಳಗಿನ ಹಸಿ ಹಿಟ್ಟನ್ನು ಸುತ್ತಿಕೊಂಡು ಗಂಟಾಗುತ್ತದೆ, ಮತ್ತೆ ಒಡೆಯುವುದಿಲ್ಲ.

ಬೆಂದ ಘಮ ಬಂದಾಗ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲನ್ನು ಕಂಠಕ್ಕೆ ಸಿಕ್ಕಿಸಿ, ಅದರ ಹಿಂತುದಿಯನ್ನು ಪಾದದಡಿ ಒತ್ತಿ ಹಿಡಿಯುತ್ತಾರೆ. ಈಗ ಎರಡು ಕೈಯೂ ಕೋಲಿಗೆ. ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ, ಮಡಚಿ, ಮತ್ತೆ ಒತ್ತುತ್ತಾರೆ. ಸೌಟಿನ ಅಗಲ ಬಾಯಿ ಈ ಗಟ್ಟಿ ಹಿಟ್ಟಿನಲ್ಲಿ ಸಿಕ್ಕಿಕೊಂಡು ಇಡೀ ಮುದ್ದೆಯನ್ನೇ ಹೊತ್ತು ತರುತ್ತದೆ. ಕೋಲಿಗೆ ಅಂಚಿಲ್ಲ, ಮೂಲೆಯಿಲ್ಲ, ಹಾಗಾಗಿ ಸೀಳಿಕೊಂಡು ಹೋಗುತ್ತದೆ, ಬೇಕಾದಲ್ಲಿ ಮೀಟುತ್ತದೆ. ಕವೆಗೋಲು ಇಲ್ಲದಿದ್ದರೆ ಪಾತ್ರೆಯೂ ಜೊತೆಯಲ್ಲಿ ತಿರುಗುತ್ತದೆ. ಅದೂ ಒಂದೇ ಕೆಲಸದ ಸಾಮಾನು, ಆ ಕೆಲಸವೂ ಇನ್ನೊಂದು ಸಾಮಾನಿಗೆ ನೆರವಾಗುವುದು. ಕೊನೆಗೆ ನೀರು ಸವರಿದ ಹಲಗೆಯ ಮೇಲೆ ಒದ್ದೆ ಕೈಯಲ್ಲಿ ಉಂಡೆ ಕಟ್ಟುತ್ತಾರೆ. ಕೈ ಸುಡುವ ಹೊತ್ತಿನಲ್ಲೇ ಕಟ್ಟಬೇಕು, ಆರಿದರೆ ಮುದ್ದೆಯ ಮೈ ಬಿರಿಯುತ್ತದೆ.

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಮಳೆ ನಂಬಿ ಬೆಳೆಯುವ ರಾಗಿಯೇ ಹೊಟ್ಟೆ ಹೊರೆದದ್ದು. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತಿತ್ತು. ದಿನಕ್ಕೆ ಒಂದೇ ಸಲ ಮುದ್ದೆ ಎಂದು ಲೆಕ್ಕ ಹಿಡಿದರೂ 30 ವರ್ಷ ಬಾಳಿದ ಒಂದು ಕೋಲು 10,950 ಸಲ ಅದೇ ಕೆಲಸ ಮಾಡಿರುತ್ತದೆ. ಅದನ್ನು ಬಹೂಪಯೋಗಿ ಅಲ್ಲ ಎಂದು ಮೂಗು ಮುರಿಯುವುದರಲ್ಲಿ ಅರ್ಥವಿಲ್ಲ.

ಈ ಲೆಕ್ಕ ನರಸಾಪುರದ ಕಾರ್ಖಾನೆಗಳಿಗೆ ಚೆನ್ನಾಗಿ ಗೊತ್ತು. ಹೋಂಡಾ ಸ್ಕೂಟರ್ ಘಟಕ ಇಲ್ಲಿ ಕೆಲಸ ಶುರು ಮಾಡಿದ್ದು 2013ರಲ್ಲಿ. ವಿಸ್ಟ್ರಾನ್ ಕಟ್ಟಿದ ಐಫೋನ್ ಜೋಡಣೆಯ ಘಟಕ 2023ರಲ್ಲಿ ಟಾಟಾ ಕೈಗೆ ಬಂತು. ಇಂಥ ಕಾರ್ಖಾನೆಗಳ ಲೈನಿನಲ್ಲಿ ನಿಂತವರಿಗೆ ಜಿಗ್ ಮತ್ತು ಫಿಕ್ಸ್ಚರ್ ಎಂದರೆ ಬಿಡಿಸಿ ಹೇಳಬೇಕಿಲ್ಲ. ಒಂದು ಭಾಗವನ್ನು ಒಂದೇ ಕೋನದಲ್ಲಿ ಅಲುಗದ ಹಾಗೆ ಹಿಡಿದಿಡಲೆಂದೇ ಮಾಡಿಸಿದ ಸಲಕರಣೆ ಅದು. ಪಕ್ಕದ ಭಾಗಕ್ಕೆ ಅದು ಬರುವುದಿಲ್ಲ. ಮಾಡೆಲು ಬದಲಾದರೆ ಎಷ್ಟೋ ಫಿಕ್ಸ್ಚರುಗಳು ಮೂಲೆಗೆ ಸೇರುತ್ತವೆ. ಆದರೂ ದುಡ್ಡು ಸುರಿದು ಮಾಡಿಸುತ್ತಾರೆ, ಏಕೆಂದರೆ ಅದೇ ಕೆಲಸ ದಿನಕ್ಕೆ ನೂರಾರು ಸಲ ಆಗಬೇಕು, ಪ್ರತಿ ಸಲವೂ ಒಂದೇ ಥರ ಆಗಬೇಕು. ಹಗಲೆಲ್ಲ ಫಿಕ್ಸ್ಚರಿನ ಮುಂದೆ ನಿಂತು ಬಂದ ಹುಡುಗಿ ರಾತ್ರಿ ರೂಮಿನಲ್ಲಿ ಕವೆಗೋಲು ಸಿಕ್ಕಿಸಿ ಮುದ್ದೆ ತಿರುವುವಾಗ ಬಳಸುವುದು ಅದೇ ವಿದ್ಯೆಯನ್ನೇ. ಅತ್ತ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ಶಿಲ್ಪಿಗಳ ಮುಂದೆಯೂ ಸಾಲಾಗಿ ಉಳಿಗಳಿರುತ್ತವೆ. ಕಲ್ಲನ್ನು ಒರಟಾಗಿ ಒಡೆಯುವ ಉಳಿ ದೇವರ ಕಣ್ಣು ತೆರೆಯಲು ಬಾರದು.

ದಿನಾ ಬೇಕಾಗುವ ಸಾಮಾನಿನ ಮಾತು ಇದು. ವರ್ಷಕ್ಕೆ ಒಂದೆರಡು ಸಲ ಮಾತ್ರ ಅಟ್ಟದಿಂದ ಇಳಿಯುವ ಸಾಮಾನುಗಳ ಕತೆ ಬೇರೆ. ಅವುಗಳ ಸೆಳೆತವೇ ನನಗೆ ಹೆಚ್ಚು.

ಶಾವಿಗೆ ಒರಳನ್ನು ತೆಗೆದುಕೊಳ್ಳಿ. ಕಬ್ಬಿಣದ ಮೂರು ಕಾಲಿನ ಸ್ಟ್ಯಾಂಡು, ನಡುವೆ ಹಿತ್ತಾಳೆಯ ಕೊಳವೆ, ಮೇಲೆ ತಿರುಪು, ಕೆಳಗೆ ತೂತಿನ ಬಿಲ್ಲೆ. ಅದಕ್ಕೂ ಹಿಂದೆ ಮರದ್ದಿತ್ತು, ಉದ್ದನೆಯ ಮೇಲ್ಮಣೆಯ ತುದಿಗೆ ಒಬ್ಬರು ಭಾರ ಹಾಕಿ ಕೂರಬೇಕಿತ್ತು, ಮಕ್ಕಳಿಗೆ ಆ ಜಾಗಕ್ಕೆ ಜಗಳ. ಅಕ್ಕಿ ಹಿಟ್ಟಿನದಾಗಲಿ ರಾಗಿ ಹಿಟ್ಟಿನದಾಗಲಿ ಉಂಡೆಗಳನ್ನು ಬೇಯಿಸಿ ಬಿಸಿ ಬಿಸಿಯಾಗಿಯೇ ಕೊಳವೆಗೆ ತುಂಬಬೇಕು, ಆರಿದರೆ ತಿರುಪು ಮುಂದೆ ಹೋಗುವುದಿಲ್ಲ. ಆದ್ದರಿಂದ ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಒಲೆಯ ಹತ್ತಿರ ಒಬ್ಬರು, ತುಂಬಲು ಒಬ್ಬರು, ತಿರುಪು ತಿರುಗಿಸಲು ರಟ್ಟೆಯಲ್ಲಿ ಬಲವಿರುವ ಒಬ್ಬರು, ಕೆಳಗೆ ಇಳಿಯುವ ಎಳೆಗಳನ್ನು ತಟ್ಟೆಗೆ ಸುತ್ತಿಕೊಳ್ಳಲು ಇನ್ನೊಬ್ಬರು. ಅದಕ್ಕೆ ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು. ಚಳಿಗಾಲದಲ್ಲಿ ಹಿದುಕಿದ ಅವರೆಬೇಳೆ ಸಾರು. ಪ್ಯಾಕೆಟ್ಟಿನ ಒಣ ಶಾವಿಗೆ ಇದಕ್ಕೆ ಬದಲಿಯಾಗದು. ಅದು ಬೇರೆಯೇ ತಿಂಡಿ.

ಇಷ್ಟು ಭಾರದ, ಇಷ್ಟು ದುಡ್ಡಿನ, ವರ್ಷದಲ್ಲಿ ಬಹುಪಾಲು ಸುಮ್ಮನಿರುವ ಸಾಮಾನನ್ನು ಮನೆಮನೆಯೂ ಕೊಳ್ಳುವ ಪದ್ಧತಿ ನಮ್ಮಲ್ಲಿರಲಿಲ್ಲ ಎಂಬುದನ್ನು ಗಮನಿಸಬೇಕು. ಬೀದಿಗೆ ಒಂದೋ ಎರಡೋ ಇರುತ್ತಿದ್ದವು. ಹಬ್ಬದ ವಾರ ಅದು ಮನೆಯಿಂದ ಮನೆಗೆ ಹೋಗುತ್ತಿತ್ತು. ಕೇಳಲು ಬಂದ ಹುಡುಗನಿಗೆ ಒರಳಿನ ಯಜಮಾನಿ ಹೇಳುವುದು ಎರಡೇ ಮಾತು: “ಬಿಲ್ಲೆ ಕಳೀಬ್ಯಾಡ್ರಪ್ಪ. ತೊಳ್ದು ಒರೆಸಿ ತಂದ್ಕೊಡಿ.” ಹಿಂದಿರುಗಿ ಬರುವಾಗ ಒರಳಿನ ಜೊತೆ ಒಂದು ತಟ್ಟೆ ಶಾವಿಗೆಯೂ ಬರಬೇಕು ಎಂಬುದು ಹೇಳದೆಯೇ ಗೊತ್ತಿದ್ದ ಮಾತು. ಒಂದೇ ಕೆಲಸದ ಸಾಮಾನು ದುಬಾರಿ ಎಂಬ ದೂರಿಗೆ ನಮ್ಮ ಹಳ್ಳಿಗಳು ಕಂಡುಕೊಂಡಿದ್ದ ಉತ್ತರ ಇದು. ಈಗ ಆ ದೂರು ದೊಡ್ಡದಾಗಿ ಕೇಳುತ್ತಿರುವುದಕ್ಕೆ ಪ್ರತಿಯೊಬ್ಬರೂ ತಮ್ಮ ತಮ್ಮ ಬೀರುವಿಗೇ ಎಲ್ಲವನ್ನೂ ಕೊಳ್ಳತೊಡಗಿದ್ದೇ ಕಾರಣ ಎಂದು ನನಗನ್ನಿಸುತ್ತದೆ.

ದೀಪಾವಳಿಯ ನೋಮಿಗೆ ಕಜ್ಜಾಯ ಮಾಡುವ ಮನೆಗಳಲ್ಲಿ ಎಣ್ಣೆ ಹಿಂಡಲೆಂದೇ ಇಟ್ಟುಕೊಂಡ ಎರಡು ಚಪ್ಪಟೆ ಮರದ ತುಂಡುಗಳಿರುತ್ತವೆ. ಬಾಣಲೆಯಿಂದ ತೆಗೆದ ಕಜ್ಜಾಯವನ್ನು ಅವುಗಳ ನಡುವೆ ಒಮ್ಮೆ ಅದುಮಿದರೆ ಎಣ್ಣೆ ಬಸಿದು, ಮೈ ಚಪ್ಪಟೆಯಾಗಿ, ಹದಿನೈದು ದಿನ ಇಟ್ಟರೂ ಕೆಡದ ಹದಕ್ಕೆ ಬರುತ್ತದೆ. ಗಡಿಯಾಚೆ ಆಂಧ್ರದ ಕಡೆಯ ಅರಿಸೆಲಿಗೂ ಇದೇ ಉಪಾಯ.

ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಕೆ.ಜಿ.ಎಫ್.ನಲ್ಲಿ, ಇನ್ನೊಂದು ಹಬ್ಬ ಇನ್ನೊಂದು ಸಾಮಾನನ್ನು ಸಾಕಿತು. ಚಿನ್ನದ ಗಣಿಗಳಿಗೆ ಬಂದು ನೆಲೆಸಿದ ಆಂಗ್ಲೋ ಇಂಡಿಯನ್ ಕುಟುಂಬಗಳ ಕ್ರಿಸ್‌ಮಸ್ ಎಂದರೆ ಕುಲ್‌ಕುಲ್ ಮತ್ತು ರೋಸ್ ಕುಕ್ಕಿ. ಅಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಆ ಅಡುಗೆಗಳನ್ನು ಪುಸ್ತಕಗಳಲ್ಲಿ ದಾಖಲಿಸಿದ್ದಾರೆ. ರೋಸ್ ಕುಕ್ಕಿಗೆ ಬೇಕಾದದ್ದು ಉದ್ದ ಹಿಡಿಯ ತುದಿಯಲ್ಲಿ ಹೂವಿನಾಕಾರದ ಅಚ್ಚು. ಅದನ್ನು ಮೊದಲು ಕಾದ ಎಣ್ಣೆಯಲ್ಲಿ ಬಿಸಿ ಮಾಡಬೇಕು. ಆಮೇಲೆ ಹಿಟ್ಟಿಗೆ ಅದ್ದಬೇಕು, ಆದರೆ ಪೂರ್ತಿ ಮುಳುಗಿಸಬಾರದು. ಮೇಲಂಚು ಹಿಟ್ಟಿನಿಂದ ಹೊರಗಿರಬೇಕು, ಮುಳುಗಿದರೆ ಹೂವು ಅಚ್ಚನ್ನು ಬಿಟ್ಟು ಬರುವುದಿಲ್ಲ. ಮತ್ತೆ ಎಣ್ಣೆಗೆ ಇಳಿಸಿ ಮೆಲ್ಲಗೆ ಅಲುಗಿಸಿದರೆ ಹೂವು ತಾನೇ ಕಳಚಿ ತೇಲುತ್ತದೆ. ಗಣಿ 2001ರಲ್ಲಿ ಮುಚ್ಚಿತು, ಎಷ್ಟೋ ಮನೆಯವರು ಬೆಂಗಳೂರಿಗೂ ಆಸ್ಟ್ರೇಲಿಯಾಕ್ಕೂ ಹೋದರು. ಬೇರೆ ಸಾಮಾನು ಬಿಟ್ಟರೂ ಇಂಥ ಅಚ್ಚನ್ನು ಬಿಟ್ಟು ಹೋಗುವುದು ಕಷ್ಟ, ಏಕೆಂದರೆ ಅದನ್ನು ಬಿಟ್ಟರೆ ಆ ತಿಂಡಿಯನ್ನೂ ಬಿಟ್ಟಂತೆಯೇ.

ಒಂದೇ ಕೆಲಸದ ಸಾಮಾನಿನ ಸೆಳೆತ ಇಲ್ಲಿದೆ. ಅದು ಕಣ್ಣಿಗೆ ಬಿದ್ದ ಕೂಡಲೇ ತಿಂಡಿ ಕಣ್ಣ ಮುಂದೆ ಬರುತ್ತದೆ. ಚಾಕು ನೋಡಿದರೆ ಯಾರಿಗೂ ಬಾಯಲ್ಲಿ ನೀರೂರುವುದಿಲ್ಲ, ಗುಳಿ ಕಾವಲಿ ನೋಡಿದರೆ ಊರುತ್ತದೆ. ಆ ಕಾವಲಿಯ ನಂಟರು ಲೋಕದ ತುಂಬ ಇದ್ದಾರೆ. ಡೆನ್ಮಾರ್ಕಿನಲ್ಲಿ ಕ್ರಿಸ್‌ಮಸ್‌ ಕಾಲಕ್ಕೆ ಎಬ್ಲೆಸ್ಕೀವರ್ ಎಂಬ ಸಿಹಿ ಗುಂಡುಗಳನ್ನು ಬೇಯಿಸುವುದು ಅಂಥದೇ ಗುಳಿಗಳ ಎರಕದ ಕಾವಲಿಯಲ್ಲಿ. ಜಪಾನಿನ ಒಸಾಕಾದಲ್ಲಿ ಅಷ್ಟಪದಿಯ ತುಂಡು ಇಟ್ಟು ತಕೊಯಾಕಿ ಮಾಡುವುದೂ ಗುಳಿ ಕಾವಲಿಯಲ್ಲೇ. ಮೂರು ಕಡೆಯವರ ಉಪಾಯವೂ ಒಂದೇ: ಹೊರಗೆ ಗರಿ, ಒಳಗೆ ಮೆತ್ತಗೆ ಬೇಕೆಂದರೆ ಹಿಟ್ಟನ್ನು ಸಣ್ಣ ಸಣ್ಣ ಗುಳಿಯಲ್ಲಿ ಹಾಕಿ, ಅರ್ಧ ಬೆಂದಾಗ ಕಡ್ಡಿಯಿಂದ ಮಗುಚಬೇಕು.

ಎಲ್ಲ ಕೆಲಸಕ್ಕೂ ಬರುವ ಯಂತ್ರ ಬಂದಾಗ ಏನಾಯಿತು ಎಂಬುದಕ್ಕೆ ಮಸ್ಸೊಪ್ಪೇ ಸಾಕ್ಷಿ. 1960ರ ದಶಕದಲ್ಲಿ ಸುಮೀತ್ ಮಿಕ್ಸಿ ಬಂದದ್ದು ಈ ದೇಶದ ಹೆಂಗಸರ ತೋಳಿಗೆ ಸಿಕ್ಕ ದೊಡ್ಡ ಬಿಡುಗಡೆ, ಅದರಲ್ಲಿ ಎರಡು ಮಾತಿಲ್ಲ. ಒರಳುಕಲ್ಲಿನ ಮುಂದೆ ಸವೆದ ಹೊತ್ತನ್ನು ಯಾರೂ ಮರಳಿ ಬಯಸುವುದಿಲ್ಲ, ಬಯಸಬಾರದು ಕೂಡ. ಆದರೆ ಮಸ್ಸೊಪ್ಪಿಗೆ ಮಿಕ್ಸಿ ಬೇಡವಾಗಿತ್ತು. ಸೊಪ್ಪು, ತೊಗರಿಬೇಳೆ, ಟೊಮೆಟೊ, ಹಸಿಮೆಣಸಿನಕಾಯಿ ಒಟ್ಟಿಗೆ ಬೆಂದ ಮೇಲೆ ಕಟ್ಟನ್ನು ಬಸಿದು, ಮರದ ಕೋಲಿನ ದುಂಡು ತಲೆಯಿಂದ ಮಸೆದರೆ ಬೇಳೆ ನುರಿಯುತ್ತದೆ, ಸೊಪ್ಪಿನ ನಾರು ಸ್ವಲ್ಪ ಸ್ವಲ್ಪ ಉಳಿಯುತ್ತದೆ, ಮೆಣಸಿನಕಾಯಿ ಅಲ್ಲೊಂದು ಇಲ್ಲೊಂದು ನಾಲಿಗೆಗೆ ಸಿಗುತ್ತದೆ. ಬಸಿದ ಕಟ್ಟು ಮತ್ತೆ ಸೇರಿ, ಬೆಳ್ಳುಳ್ಳಿ ಒಗ್ಗರಣೆ ಬಿದ್ದು, ಬಿಸಿ ಮುದ್ದೆಯ ತುತ್ತು ಅದರಲ್ಲಿ ಹೊರಳಬೇಕು. ಮಿಕ್ಸಿಯ ಅಲಗು ಎಲ್ಲವನ್ನೂ ಒಂದೇ ಸಮ ನುಣ್ಣಗೆ ಮಾಡಿ, ಲೋಳೆ ಹಿಡಿಸಿ, ಬಣ್ಣ ಕೆಡಿಸುತ್ತದೆ. ಮಸೆಯುವುದಕ್ಕೆ ತಗಲುವುದು ನಾಲ್ಕೈದು ನಿಮಿಷ, ಮಿಕ್ಸಿ ಜಾರು ತೊಳೆಯುವುದಕ್ಕೂ ಅಷ್ಟೇ. ತೆಲುಗು ಮಾತಾಡುವ ನೆರೆಹೊರೆಯ ಮನೆಗಳಲ್ಲಿ ಇದೇ ಕೋಲು ಪಪ್ಪುಗುತ್ತಿಯಾಗಿ ಇಂದಿಗೂ ಗಟ್ಟಿಯಾಗಿ ನಿಂತಿದೆ ಎಂಬುದೇ ಸಮಾಧಾನ.

ಹಾಗೆಂದು ಹಳೆಯದೆಲ್ಲ ಒಂದೇ ಕೆಲಸದ್ದು ಎಂದಲ್ಲ. ಈಳಿಗೆ ಮಣೆ ಈರುಳ್ಳಿಯಿಂದ ಹಲಸಿನಕಾಯಿವರೆಗೆ ಎಲ್ಲವನ್ನೂ ಹೆಚ್ಚುತ್ತದೆ, ತುದಿಯ ಹಲ್ಲಿನಲ್ಲಿ ಕಾಯಿ ತುರಿಯುತ್ತದೆ. ನಮ್ಮ ಹಿರಿಯರು ಹೆಚ್ಚುವುದಕ್ಕೆ ಹತ್ತು ಸಾಮಾನು ಮಾಡಿಕೊಳ್ಳಲಿಲ್ಲ. ಬೇರೆ ದಾರಿಯೇ ಇಲ್ಲದ ಅಡುಗೆಗೆ ಮಾತ್ರ ಪ್ರತ್ಯೇಕ ಸಾಮಾನು ಮಾಡಿಸಿಕೊಂಡರು. ಈಗ ಮೊಬೈಲಿನಲ್ಲಿ ಬರುವ ಜಾಹೀರಾತುಗಳು ಇದನ್ನು ತಿರುವು ಮುರುವು ಮಾಡಿವೆ. ಬೆಳ್ಳುಳ್ಳಿ ಸುಲಿಯಲು ರಬ್ಬರಿನ ಕೊಳವೆ, ಮೊಟ್ಟೆ ಬೇಯಿಸಲು ಕರೆಂಟಿನ ತಟ್ಟೆ, ಈರುಳ್ಳಿ ಹೆಚ್ಚಲು ದಾರ ಎಳೆಯುವ ಪ್ಲಾಸ್ಟಿಕ್ ಡಬ್ಬಿ. ದಾರ ಕಿತ್ತುಹೋದರೆ ಅದನ್ನು ಹಾಕಿಕೊಡುವವರು ಊರಲ್ಲಿ ಯಾರೂ ಇಲ್ಲ. ಮುದ್ದೆ ಕೋಲು ಮುರಿದರೆ ಬಡಗಿ ಇದ್ದಾನೆ, ಒರಳಿನ ಬಿಲ್ಲೆ ಸವೆದರೆ ಪಾತ್ರೆ ಅಂಗಡಿಯಲ್ಲಿ ಬೇರೆ ಸಿಗುತ್ತದೆ.

ಸ್ಯಾನ್‌ಫ್ರಾನ್ಸಿಸ್ಕೋದ ಜ್ಯೂಸೆರೊ ಕಂಪನಿ ಈ ತಪ್ಪನ್ನು ದೊಡ್ಡ ಗಾತ್ರದಲ್ಲಿ ಮಾಡಿ ತೋರಿಸಿತು. ಹೂಡಿಕೆದಾರರಿಂದ ಸುಮಾರು 12 ಕೋಟಿ ಡಾಲರ್ ತಂದು, ಹೆಚ್ಚಿದ ಹಣ್ಣು ತರಕಾರಿಯ ಪೊಟ್ಟಣ ಒತ್ತಿ ರಸ ತೆಗೆಯುವ ಯಂತ್ರ ಮಾಡಿತು. ಮೊದಲ ಬೆಲೆ 699 ಡಾಲರ್. ಆ ಪೊಟ್ಟಣವನ್ನು ಬರಿಗೈಯಲ್ಲೇ ಹಿಂಡಬಹುದು ಎಂದು 2017ರ ಏಪ್ರಿಲಿನಲ್ಲಿ ಪತ್ರಕರ್ತರು ತೋರಿಸಿಕೊಟ್ಟರು. ಅದೇ ಸೆಪ್ಟೆಂಬರಿನಲ್ಲಿ ಕಂಪನಿ ಬಾಗಿಲು ಹಾಕಿತು. ಕೈಯೇ ಮಾಡುವ ಕೆಲಸಕ್ಕೆ ಯಂತ್ರ ಬೇಕಿರಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲಿಸಬಹುದಾದದ್ದು ಜಪಾನಿನ ಅನ್ನದ ಕುಕ್ಕರು. ತೊಷಿಬಾ ಅದನ್ನು ಮಾರುಕಟ್ಟೆಗೆ ತಂದದ್ದು 1955ರ ಡಿಸೆಂಬರಿನಲ್ಲಿ. ರೂಪಿಸಿದವರು ಯೊಷಿತಡ ಮಿನಾಮಿ, ಬಗೆಬಗೆಯ ಚಳಿ ಬಿಸಿಲಿನಲ್ಲಿ ಅನ್ನ ಬೇಯಿಸಿ ಪರೀಕ್ಷಿಸಿದವರು ಅವರ ಹೆಂಡತಿ ಫುಮಿಕೊ. ಎರಡು ಪದರದ ಪಾತ್ರೆ, ಹೊರಪಾತ್ರೆಯ ನೀರೆಲ್ಲ ಆವಿಯಾದ ಕೂಡಲೇ ಕಾವು 100 ಡಿಗ್ರಿ ದಾಟುತ್ತದೆ, ಆಗ ಎರಡು ಲೋಹದ ಪಟ್ಟಿ ಬಾಗಿ ಸ್ವಿಚ್ಚು ಆರುತ್ತದೆ. ಮಾಡುವುದು ಅನ್ನ ಒಂದನ್ನೇ. ಆದರೆ ಆ ದೇಶದಲ್ಲಿ ಅನ್ನ ದಿನಾ ಬೇಕು, ಅದಕ್ಕಾಗಿ ಹೆಂಗಸರು ನಸುಕಿಗೇ ಏಳಬೇಕಿತ್ತು. ಅದೇ 1955ರಲ್ಲಿ ಕೊಯಮತ್ತೂರಿನ ಸಭಾಪತಿ ಎಂಬುವರು ಕಲ್ಲಿನ ಒರಳಿಗೆ ಮೋಟಾರು ಜೋಡಿಸಿ ವೆಟ್ ಗ್ರೈಂಡರ್ ಮಾಡಿದರು. ದೋಸೆ ಇಡ್ಲಿ ಹಿಟ್ಟಿಗೆ ಅದನ್ನು ಮೀರಿಸುವುದು ಇನ್ನೂ ಬಂದಿಲ್ಲ. ಕೊಯಮತ್ತೂರಿನ ಆ ಗ್ರೈಂಡರಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಮುದ್ದೆಗೆ ಅಂಥ ಯಂತ್ರ ಬರಲಿಲ್ಲವೇ ಎಂದರೆ, ಮೈಸೂರಿನ ಸಿ.ಎಫ್.ಟಿ.ಆರ್.ಐ. ಎಂಜಿನಿಯರುಗಳು ದೋಸೆ, ಚಪಾತಿ ಯಂತ್ರಗಳ ಜೊತೆಗೆ ರಾಗಿ ಮುದ್ದೆಯ ಯಂತ್ರವನ್ನೂ ರೂಪಿಸಿದ್ದಾರೆ. ನೂರಾರು ಜನರಿಗೆ ಊಟ ಹಾಕುವ ಕಡೆಗೆ ಅದು ಸರಿ. ಅಷ್ಟು ಹಿಟ್ಟನ್ನು ಕೋಲಿನಲ್ಲಿ ತಿರುವುವವರ ಭುಜ ಬೆನ್ನುಗಳ ಪಾಡು ಬಲ್ಲವರು ಅದನ್ನು ಬೇಡ ಎನ್ನಲಾರರು. ನರಸಾಪುರದಂಥ ಕಡೆ ಕಾರ್ಖಾನೆಯ ಕ್ಯಾಂಟೀನುಗಳಲ್ಲಿ ದಿನಾ ಮುದ್ದೆ ಸಿಗುವಂತಾಗಬೇಕು, ಅದಕ್ಕೆ ಯಂತ್ರ ಬೇಕಾದರೆ ಯಂತ್ರವೇ ಬರಲಿ. ನಾಲ್ಕು ಜನರ ಮನೆಗೆ ಮಾತ್ರ ಕೋಲು ಸಾಕು.

ಹಳೆಯ ಸಾಮಾನುಗಳನ್ನು ನೋಡಬೇಕೆನ್ನುವವರಿಗೆ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯ ಪಾತ್ರೆ ಪರಡಿಗಳನ್ನು ಜೋಡಿಸಿಟ್ಟಿದ್ದಾರೆ. ಪುಣೆಯ ಕೇಳ್ಕರ್ ವಸ್ತುಸಂಗ್ರಹಾಲಯದ ಅಡಕೊತ್ತುಗಳನ್ನು ನೋಡಿದರೆ ಒಂದು ಅಡಕೆ ಒಡೆಯುವ ಕೆಲಸಕ್ಕೆ ಕಮ್ಮಾರ ಎಷ್ಟು ಮನಸ್ಸು ಕೊಟ್ಟಿದ್ದಾನೆ ಎಂದು ಬೆರಗಾಗುತ್ತದೆ. ಆದರೆ ಶಾವಿಗೆ ಒರಳು ಗಾಜಿನ ಹಿಂದೆ ಹೋಗುವ ಕಾಲ ಇನ್ನೂ ಬಂದಿಲ್ಲ. ನಮ್ಮ ಊರುಗಳ ಸ್ತ್ರೀಶಕ್ತಿ ಸಂಘಗಳು ಮನಸ್ಸು ಮಾಡಿದರೆ ಸಂಘಕ್ಕೊಂದು ಒಳ್ಳೆಯ ಶಾವಿಗೆ ಒರಳು, ಒಂದು ದೊಡ್ಡ ಗುಳಿ ಕಾವಲಿ ಇಟ್ಟುಕೊಂಡು, ರೂಮುಗಳಲ್ಲಿರುವ ದುಡಿಮೆಯ ಮಕ್ಕಳಿಗೂ ಸಿಗುವಂತೆ ಹಬ್ಬಕ್ಕೆ ಬಾಡಿಗೆಗೆ ಕೊಡಬಹುದು. ಮದುವೆಗೆ ಕೊಪ್ಪರಿಗೆಗಳನ್ನು ಬಾಡಿಗೆಗೆ ತರುವ ನಮಗೆ ಈ ವ್ಯವಸ್ಥೆ ಹೊಸದೇನಲ್ಲ.

ಕೊಳ್ಳುವವರು ನೋಡಿ ಕೊಳ್ಳಬೇಕಾದ್ದು ಕೆಲವಿದೆ. ಕೋಲಿನಲ್ಲಿ ಗಂಟು, ಬಿರುಕು ಇರಬಾರದು, ಬಣ್ಣ ವಾರ್ನಿಷು ಹಚ್ಚಿದ್ದು ಬೇಡವೇ ಬೇಡ. ನಿಮ್ಮ ಪಾತ್ರೆಯಲ್ಲಿ ನಿಲ್ಲಿಸಿದರೆ ಎರಡು ಹಿಡಿ ಮೇಲೆ ಉಳಿಯುವಷ್ಟು ಉದ್ದ ಬೇಕು. ಶಾವಿಗೆ ಒರಳಿನ ತಿರುಪನ್ನು ಅಂಗಡಿಯಲ್ಲೇ ತಳದವರೆಗೆ ತಿರುಗಿಸಿ ನೋಡಿ, ಎಲ್ಲಿಯೂ ಕಚ್ಚಬಾರದು. ಕೊಳವೆ ಮತ್ತು ಒತ್ತುವ ಬಟ್ಟಲಿನ ನಡುವೆ ಸಂದು ಹೆಚ್ಚಿದ್ದರೆ ಹಿಟ್ಟು ಮೇಲಕ್ಕೆ ಉಕ್ಕುತ್ತದೆ. ಬಳಸಿದ ಮೇಲೆ ಬಿಲ್ಲೆಯನ್ನು ಕೂಡಲೇ ಉಜ್ಜಲು ಹೋಗಬೇಡಿ, ಒದ್ದೆ ಹಿಟ್ಟು ತೂತಿನೊಳಗೆ ಇನ್ನಷ್ಟು ಕೂರುತ್ತದೆ. ರಾತ್ರಿ ಹಾಗೆಯೇ ಒಣಗಲು ಬಿಟ್ಟು ಬೆಳಿಗ್ಗೆ ಕಲ್ಲಿನ ಮೇಲೆ ತಟ್ಟಿದರೆ ಒಣ ಹಿಟ್ಟು ತಾನಾಗಿ ಉದುರುತ್ತದೆ, ಮಿಕ್ಕದ್ದಕ್ಕೆ ಒಂದು ದಬ್ಬಳ ಸಾಕು.